ಮೂರು ಕುರ್ಚಿಯ ಮೇಜು

"ನನ್ನ ಉಳಿ ಮೇಲಾಣೆ, ಇದರಲ್ಲಿ ಒಂದಕ್ಷರ ಸುಳ್ಳಿದ್ರೂ ನನ್ನ ಗರಗಸಕ್ಕೆ ತುಕ್ಕು ಹಿಡೀಲಿ," ಎಂದ ಮಾವ. "ನಾನು ಮಾಡಿದ ಆ ಮೇಜು ಎಷ್ಟು ಸಮತಟ್ಟಾಗಿತ್ತು ಅಂದ್ರೆ, ಅದರ ಮೇಲೆ ಬಿದ್ದ ಒಂದು ಹನಿ ನೀರು ಯಾವ ಕಡೆ ಹರೀಬೇಕು ಅಂತ ಗೊತ್ತಾಗದೆ ಮೂರು ದಿನ ಅಲ್ಲೇ ನಿಂತಿತ್ತು. ನಾಲ್ಕನೇ ದಿನ ಮನೆಯವರೇ ಪಾಪ ಅಂತ ಒರೆಸಿದ್ರು."

"ಆವಿ ಆಗ್ಲಿಲ್ವಾ?" ಎಂದಳು ಕಡ್ಡಿ.

"ಹೇಗೆ ಆಗುತ್ತೆ? ಆವಿ ಆಗಬೇಕಾದ್ರೆ ಮೇಲೆ ಹೋಗಬೇಕು. ಅದಕ್ಕೆ ಮೇಲೆ ಯಾವುದು, ಕೆಳಗೆ ಯಾವುದು ಅನ್ನೋದೇ ಮರೆತುಹೋಗಿತ್ತು."

ಇದನ್ನು ಹೇಳುವಾಗ ಮಾವ ನಗಲಿಲ್ಲ. ಅವನು ನಗುವುದೇ ಇಲ್ಲ. ಕಿವಿಯ ಮೇಲೆ ಪೆನ್ಸಿಲ್, ಮೀಸೆಯ ತುಂಬ ಮರದ ಹೊಟ್ಟು, ಮುಖ ಮಾತ್ರ ಪರೀಕ್ಷೆಯ ಹಾಲ್‌ನಲ್ಲಿ ಕಾವಲು ನಿಂತ ಮೇಷ್ಟ್ರದ್ದು.

ಕಡ್ಡಿ ಐದನೇ ಕ್ಲಾಸು. ಸಣ್ಣಗೆ, ಉದ್ದಕ್ಕೆ ಇದ್ದಳು. ಮಾತಾಡಿದರೆ ಕಡ್ಡಿ ಮುರಿದ ಹಾಗೆ. ಹೀಗಾಗಿ ಆ ಹೆಸರು ಎರಡು ಕಡೆಯಿಂದಲೂ ಒಪ್ಪುತ್ತಿತ್ತು.

ಮಾವ ಬಡಗಿ. ಅಮ್ಮನ ಅಣ್ಣ. ಒಂದು ವಾರದಿಂದ ಅವರ ಮನೆಯ ಊಟದ ಮೂಲೆಯನ್ನು ಬಿಚ್ಚಿ ಹಾಕಿ ಕೂತಿದ್ದ. ಅಡುಗೆಮನೆಯ ಪಕ್ಕದ ಆ ಜಾಗ, ಕೋಣೆ ಅನ್ನಲು ತೀರ ಸಣ್ಣದು, ಕಪಾಟು ಅನ್ನಲು ಸ್ವಲ್ಪ ದೊಡ್ಡದು. ಅಲ್ಲಿ ಒಂದು ಮೇಜು, ನಾಲ್ಕು ಕುರ್ಚಿ ಇದ್ದವು. ಒಬ್ಬರು ಎದ್ದು ಹೋಗಬೇಕಾದರೆ ಉಳಿದವರು ಹೊಟ್ಟೆ ಒಳಗೆ ಎಳೆದುಕೊಳ್ಳಬೇಕಿತ್ತು.

ಈಗ ಮಾವ ಅಲ್ಲಿಗೆ ಹೋಗುವ ಕಿರುದಾರಿಯ ಗೋಡೆಯನ್ನು ಅರ್ಧ ಒಡೆದಿದ್ದ. ದಾರಿ ಅಗಲವಾಗಿತ್ತು. ಬಚ್ಚಲ ಬಾಗಿಲನ್ನೂ ಕಿತ್ತು ದೊಡ್ಡದು ಮಾಡಿದ್ದ. "ಇನ್ಮೇಲೆ ಇದು ಬರೀ ಊಟದ ಮೂಲೆ ಅಲ್ಲ. ಮಲ್ಟಿಪರ್ಪಸ್ಸು," ಎಂದಿದ್ದ. "ನಾಲ್ಕು ಪರ್ಪಸ್ಸು. ಬೆಳಗ್ಗೆ ನಿಮ್ಮಮ್ಮನ ಹೊಲಿಗೆ. ಸಾಯಂಕಾಲ ನಿನ್ನ ಹೋಮ್‌ವರ್ಕ್. ರಾತ್ರಿ ಊಟ."

"ಮೂರಾಯ್ತು. ನಾಲ್ಕನೇದು?"

ಆ ಪ್ರಶ್ನೆಗೆ ಸಿಕ್ಕ ಉತ್ತರವೇ ನೀರಿನ ಹನಿಯ ಕತೆ.

ಕಡ್ಡಿ ಬಿಡಲಿಲ್ಲ. ಕೆಲಸ ಮುಗಿದ ಕುರ್ಚಿಗಳು ಗೋಡೆಗೆ ಒರಗಿ ನಿಂತಿದ್ದವು. ಒಂದು, ಎರಡು, ಮೂರು. ನಾಲ್ಕನೆಯ ಕುರ್ಚಿಯ ಕಾಲುಗಳು ಗೋಡೆಯಲ್ಲಿದ್ದವು. ಮಾವ ಅವನ್ನು ಕುಯ್ದು, ಹೊಸ ಶೆಲ್ಫಿಗೆ ಆಸರೆಯಾಗಿ ಸ್ಕ್ರೂ ಹೊಡೆದಿದ್ದ.

"ಮಾವ, ನಾವು ನಾಲ್ಕು ಜನ."

"ಹೂಂ."

"ಕುರ್ಚಿ ಮೂರೇ ಇದೆ."

"ಹೂಂ."

"ಅದು ಅಪ್ಪನ ಕುರ್ಚಿ."

ಮಾವ ಕೀಸುಳಿ ಎತ್ತಿಕೊಂಡು ಆಗಲೇ ನುಣ್ಣಗಿದ್ದ ಹಲಗೆಯನ್ನು ಮತ್ತೆ ಕೀಸತೊಡಗಿದ. "ಆಣೆ ಇಟ್ಟು ಹೇಳ್ತೀನಿ, ಈ ಕೀಸುಳಿ ಎಷ್ಟು ಹರಿತ ಅಂದ್ರೆ, ಹೋದ ವರ್ಷ ಗೋಡೆ ಮೇಲಿದ್ದ ನನ್ನ ನೆರಳನ್ನೇ ಕೀಸಿಬಿಡ್ತು. ಆವತ್ತಿಂದ ನನ್ನ ನೆರಳು ನನಗಿಂತ ಸಣ್ಣ..."

ಕಡ್ಡಿ ಅವನ ನೆರಳನ್ನು ನೋಡಿದಳು. ಅವನಷ್ಟೇ ದಪ್ಪ ಇತ್ತು.

ಅಪ್ಪ ಬೋರ್ಡ್ ಬರೆಯುವವನು. ಅಂಗಡಿಗಳ ಹೆಸರು, ಶಾಲೆಗಳ ಹೆಸರು, "ಇಲ್ಲಿ ವಾಹನ ನಿಲ್ಲಿಸಬೇಡಿ". ಏಳು ವಾರದ ಹಿಂದೆ ಒಂದು ಬಟ್ಟೆ ಅಂಗಡಿಯ ಎತ್ತರದ ಗೋಡೆಗೆ ಹೆಸರು ಬರೆಯುತ್ತಿದ್ದಾಗ ಅಟ್ಟಣಿಗೆಯ ಹಗ್ಗ ಬಿಚ್ಚಿಕೊಂಡಿತು. ಮೂರು ಅಕ್ಷರ ಮುಗಿದಿತ್ತು.

ಶಾಲೆಯ ಬಸ್ಸು ದಿನಾ ಅದೇ ದಾರಿಯಲ್ಲಿ ಹೋಗುತ್ತದೆ. ಮೊದಲ ಎರಡು ವಾರ ಗೋಡೆಯ ಮೇಲೆ ಬರೀ ಮೂರು ಅಕ್ಷರ ಇತ್ತು. ಆಮೇಲೆ ಒಂದು ದಿನ ಉಳಿದ ನಾಲ್ಕೂ ಬಂದುಬಿಟ್ಟವು. ಬೇರೆ ಯಾರೋ ಬರೆದಿದ್ದರು. ಅವು ಸ್ವಲ್ಪ ಬಲಕ್ಕೆ ವಾಲಿದ್ದವು. ಬಸ್ಸಿನಲ್ಲಿ ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ಕಡ್ಡಿಗೆ ಅದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಆಸ್ಪತ್ರೆಯ ಆ ವಾರ್ಡಿಗೆ ಮಕ್ಕಳನ್ನು ಬಿಡುವುದಿಲ್ಲ. ಮೊದಮೊದಲು ಅಪ್ಪ ಫೋನಿನಲ್ಲಿ ಮಾತಾಡುತ್ತಿದ್ದ. "ಏನೇ ಕಡ್ಡಿ, ಊಟ ಆಯ್ತಾ? ತಮ್ಮನ್ನ ಹೊಡೀಬೇಡ." ಆಮೇಲೆ ಎರಡನೇ ಆಪರೇಷನ್ ಆಯಿತು. ಅಲ್ಲಿಂದ ಮಾತಿಲ್ಲ. ಹನ್ನೆರಡು ದಿನವಾಯಿತು. ಕೇಳಿದಾಗಲೆಲ್ಲ ಅಮ್ಮ, "ಮಲಗಿದಾರೆ," ಎನ್ನುತ್ತಿದ್ದಳು. ಹನ್ನೆರಡು ದಿನ ಯಾರು ಮಲಗುತ್ತಾರೆ?

ಆ ಮನೆಯಲ್ಲೊಂದು ರೂಢಿ ಇತ್ತು. ದೊಡ್ಡ ವಿಷಯ ಏನಿದ್ದರೂ ಊಟದ ಮೇಜಿನಲ್ಲಿ, ಎಲ್ಲರೂ ಕೂತ ಮೇಲೇ ಹೇಳಬೇಕು. ಊಟ ಮುಗಿಯುವ ಹೊತ್ತಿಗೆ ಅಪ್ಪ ಮೇಜಿನ ಮೇಲೆ ಎರಡು ಸಲ ತಟ್ಟುತ್ತಿದ್ದ. "ಹೂಂ, ಯಾರದ್ದೇನಿದೆ?" ಕಡ್ಡಿ ಗಣಿತದಲ್ಲಿ ಒಂಬತ್ತು ಮಾರ್ಕ್ಸ್ ತೆಗೆದದ್ದನ್ನು ಅಲ್ಲೇ ಹೇಳಿದ್ದಳು. ಐವತ್ತಕ್ಕೆ. ತಮ್ಮ ಗುಂಡ ಹುಟ್ಟುತ್ತಾನೆ ಎಂಬುದನ್ನೂ ಅಮ್ಮ ಅಲ್ಲೇ ಹೇಳಿದ್ದಳು. ಎಂಥ ಸುದ್ದಿಯಾದರೂ ಆ ಮೇಜಿನ ಮೇಲೆ ಇಟ್ಟ ಮೇಲೆ ಎಲ್ಲರಿಗೂ ಹಂಚಿಹೋಗಿ ಸ್ವಲ್ಪ ಹಗುರವಾಗುತ್ತಿತ್ತು.

ಮೇಜು ಬಿಚ್ಚಿದ ದಿನದಿಂದ ಮನೆಯಲ್ಲಿ ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ನಿಂತುಕೊಂಡೇ ತಿನ್ನುತ್ತಿದ್ದಳು. ಮಾವ ಹಲಗೆಯ ಮೇಲೆ. ನಾಲ್ಕು ವರ್ಷದ ಗುಂಡ ತಟ್ಟೆ ಹಿಡಿದು ಊರೆಲ್ಲ ಸುತ್ತುತ್ತಿದ್ದ. ಕಡ್ಡಿ ಹಾಸಿಗೆಯ ತುದಿಯಲ್ಲಿ ಕೂತು ಒಬ್ಬಳೇ ನುಂಗುತ್ತಿದ್ದಳು.

ಶುಕ್ರವಾರ ಲಂಚ್ ಬ್ರೇಕಿನಲ್ಲಿ ರೇಡಿಯೋ ಅಂತ ಎಲ್ಲರೂ ಕರೆಯುವ ಹುಡುಗಿ ಕಡ್ಡಿಯ ಪಕ್ಕದಲ್ಲಿ ಬಂದು ಕೂತಳು. ಅವಳು ಕಡ್ಡಿಯ ಕ್ಲಾಸಿನವಳು. ಒಂದು ಸಲ ಆನ್ ಆದರೆ ಬೆಲ್ ಹೊಡೆಯುವವರೆಗೆ ಆಫ್ ಆಗುತ್ತಿರಲಿಲ್ಲ.

"ನಿಮ್ಮನೇಲಿ ಹೊಸ ರೂಮ್ ಆಗ್ತಿದೆಯಂತೆ! ಕಲರ್ ಏನು? ಲೈಟ್ ಹಾಕ್ತಾರಾ? ಎಷ್ಟು ಕುರ್ಚಿ?"

"ಮೂರು."

"ನೀವು ನಾಲ್ಕು ಜನ ಅಲ್ವಾ?"

ಕಡ್ಡಿ ಡಬ್ಬಿಯ ಮುಚ್ಚಳ ಹಾಕಿದಳು. ರೇಡಿಯೋ ಮೊದಲ ಬಾರಿಗೆ ತನ್ನ ವಾಲ್ಯೂಮ್ ಇಳಿಸಿದಳು.

"ನಮ್ಮಜ್ಜ ತೀರಿಹೋದ್ರಲ್ಲ, ಆಗಲೂ ಮೊದಲು ಅವರ ಕುರ್ಚಿ ಎತ್ತಿಟ್ರು. ಕಣ್ಣಿಗೆ ಬಿದ್ರೆ ಸಂಕಟ ಆಗುತ್ತಂತೆ. ನನಗೆ ಹೇಳಿದ್ದು ಎರಡು ದಿನ ಆದ್ಮೇಲೆ. ದೊಡ್ಡೋರು ಹಾಗೇ ಕಣೇ. ಮೊದಲು ಕುರ್ಚಿ, ಆಮೇಲೆ ಮಾತು."

"ನಮ್ಮಪ್ಪಂಗೆ ಏನೂ ಆಗಿಲ್ಲ."

"ಮಾತಾಡಿದ್ಯಾ?"

ಬೆಲ್ ಹೊಡೆಯಿತು. ರೇಡಿಯೋ ಆಫ್ ಆಯಿತು. ಕಡ್ಡಿಯ ತಲೆಯೊಳಗೆ ಮಾತ್ರ ಅದು ಸಂಜೆಯವರೆಗೂ ಓಡುತ್ತಲೇ ಇತ್ತು.

ಮನೆಗೆ ಬಂದಾಗ ಬಾಗಿಲಲ್ಲೇ ಬಣ್ಣದ ವಾಸನೆ. ಅಪ್ಪನ ವಾಸನೆ. ಕಡ್ಡಿ ಚೀಲ ಎಸೆದು ಒಳಗೆ ಓಡಿದಳು.

ಅಪ್ಪ ಇರಲಿಲ್ಲ. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ಕ್ರೂಡ್ರೈವರಿನಿಂದ ಅಪ್ಪನ ಬಣ್ಣದ ಡಬ್ಬಿಗಳ ಮುಚ್ಚಳ ಎಬ್ಬಿಸುತ್ತಿದ್ದಳು.

ಆ ಡಬ್ಬಿಗಳನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಒಂದು ಸಲ ಗುಂಡ ಒಂದನ್ನು ಉರುಳಿಸಿದ್ದಕ್ಕೆ ಅಪ್ಪ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ಈಗ ಒಂದು ಗೋಡೆ ಪೂರ್ತಿ ಹಳದಿ. ಇನ್ನೊಂದು ಗೋಡೆ ಅರ್ಧ ನೀಲಿ, ಅರ್ಧ ಹಸಿರು. ಶೆಲ್ಫ್ ಕಿತ್ತಳೆ.

"ಅರ್ಧರ್ಧ ಯಾಕೆ?" ಎಂದಳು ಕಡ್ಡಿ.

"ಡಿಸೈನು," ಎಂದ ಮಾವ. ಅಮ್ಮ ತಿರುಗಿ ನೋಡಿದಳು. "ನೀಲಿ ಮುಗೀತು," ಎಂದ ಮಾವ.

"ಅಮ್ಮ, ಅದು ಅಪ್ಪನ ಪೇಂಟು."

"ಗೊತ್ತು."

"ಅಪ್ಪನ್ನ ಕೇಳಿದ್ಯಾ?"

"ಡಬ್ಬೀಲಿ ಇಟ್ರೆ ಒಣಗಿಹೋಗುತ್ತೆ ಕಣೇ. ಅಷ್ಟೊಂದು ಪೇಂಟು ಇನ್ನು ಯಾರಿಗೆ..." ಅಮ್ಮ ಅಲ್ಲಿಗೇ ನಿಲ್ಲಿಸಿ ಬ್ರಷ್ ಅದ್ದಿದಳು.

ಅದೇ ಹೊತ್ತಿಗೆ ಗುಂಡ ಹಳದಿ ಡಬ್ಬಿಯೊಳಗೆ ಒಂದು ಕಾಲಿಟ್ಟ. ಏನೂ ಆಗದವನಂತೆ ತೆಗೆದ. ಅಡುಗೆಮನೆ, ನಡುಮನೆ, ಹಾಸಿಗೆ, ಮತ್ತೆ ಅಡುಗೆಮನೆ. ಎಲ್ಲ ಕಡೆಯೂ ಒಂದೇ ಕಾಲಿನ ಹಳದಿ ಹೆಜ್ಜೆ. ಒಂಟಿಕಾಲಿನ ಭೂತವೊಂದು ಮನೆ ಬಾಡಿಗೆಗೆ ನೋಡಲು ಬಂದು ಹೋದ ಹಾಗಿತ್ತು.

ಕಡ್ಡಿ ಈಗ ಬೀಳುತ್ತದೆ ಏಟು ಅಂದುಕೊಂಡಳು. ಅಮ್ಮ ಬಗ್ಗಿ ಆ ಹೆಜ್ಜೆಗಳನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಸುಮ್ಮನೆ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು. ನಲ್ಲಿಯ ಸದ್ದಿನ ಹಿಂದೆ ಇನ್ನೊಂದು ಸದ್ದಿತ್ತು.

ಅಮ್ಮ ಬೈದಿದ್ದರೆ ಕಡ್ಡಿಗೆ ಎಷ್ಟೋ ಧೈರ್ಯ ಬರುತ್ತಿತ್ತು.

ಶನಿವಾರ ಶಾಲೆ ಅರ್ಧ ದಿನ. ಕಡ್ಡಿ ಬಂದಾಗ ಅಮ್ಮ ಆಸ್ಪತ್ರೆಯಿಂದ ಇನ್ನೂ ಬಂದಿರಲಿಲ್ಲ. ಗುಂಡ ಪಕ್ಕದ ಮನೆಯಲ್ಲಿದ್ದ. ಮಾವ ಬಾಗಿಲಲ್ಲೇ ಚಪ್ಪಲಿ ಮೆಟ್ಟುತ್ತಾ, "ಮೇಜಿನ ಮಡಿಸೋ ರೆಕ್ಕೆಗೆ ಹಿಂಜಸ್ ತರ್ತೀನಿ. ಹತ್ತು ನಿಮಿಷ. ಏನೂ ಮುಟ್ಟಬೇಡ," ಎಂದು ಹೋದ.

ಕಡ್ಡಿ ಸ್ಕ್ರೂಡ್ರೈವರ್ ಮುಟ್ಟಿದಳು.

ಶೆಲ್ಫಿನ ಕೆಳಗೆ ಅಪ್ಪನ ಕುರ್ಚಿಯ ಕಾಲುಗಳು ಕಿತ್ತಳೆ ಬಣ್ಣ ಹೊಡೆಸಿಕೊಂಡು ಬೇರೆ ಯಾರದೋ ಹಾಗೆ ನಿಂತಿದ್ದವು. ಮಾವ ಸ್ಕ್ರೂ ಹೊಡೆದರೆ ಆನೆ ಎಳೆದರೂ ಬರುವುದಿಲ್ಲ ಎಂದು ಮಾವನೇ ಹೇಳಿದ್ದ. ಆನೆಗೆ ಸ್ಕ್ರೂಡ್ರೈವರ್ ತಿರುಗಿಸಲು ಬರುವುದಿಲ್ಲ. ಕಡ್ಡಿಗೆ ಬರುತ್ತಿತ್ತು. ಒಂದು ಕಾಲು ಬಂತು. ಎರಡನೆಯದು ಬರುವಾಗ ಶೆಲ್ಫ್ ವಾಲಿತು. ಮೇಲಿದ್ದ ಡಬ್ಬಿ ಜಾರಿತು. ಅದರಲ್ಲಿ ಕೆಂಪು ಇತ್ತು.

ಅಮ್ಮ ಒಳಗೆ ಬಂದಾಗ ನೆಲವೆಲ್ಲ ಕೆಂಪು. ಅದರ ನಡುವೆ ಮಗಳು ಎರಡು ಮರದ ಕಾಲುಗಳನ್ನು ಎದೆಗೆ ಅಪ್ಪಿಕೊಂಡು ನಿಂತಿದ್ದಳು.

"ಅಯ್ಯೋ! ಏನಾಯ್ತೇ? ಎಲ್ಲಿ ಪೆಟ್ಟಾಯ್ತು?"

"ಪೇಂಟು."

ಅಮ್ಮ ಗೋಡೆ ಹಿಡಿದುಕೊಂಡಳು. ಆಮೇಲೆ ಸಿಟ್ಟು ಬಂತು. "ಬುದ್ಧಿ ಇದೆಯಾ ನಿಂಗೆ? ಒಂದು ವಾರದಿಂದ ಆ ಮನುಷ್ಯ ಒದ್ದಾಡ್ತಿದಾನೆ! ಏನು ಕಿತ್ತಿದ್ದು ಅದು?"

"ಅಪ್ಪನ ಕುರ್ಚಿ."

"ಅದು ಈಗ ಶೆಲ್ಫು!"

"ಶೆಲ್ಫ್ ಬೇಡ. ಕುರ್ಚಿ ಬೇಕು." ಕಡ್ಡಿ ಆ ಕಾಲುಗಳನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. "ಅಮ್ಮ, ಅಪ್ಪ ಇದಾರಾ?"

"ಇದಾರಾ ಅಂದ್ರೆ?"

"ಇದಾರಾ, ಇಲ್ವಾ? ಮಾವನ ಥರ ಕತೆ ಹೇಳಬೇಡ. ಒಂದೇ ಮಾತಲ್ಲಿ ಹೇಳು."

ಅಮ್ಮನ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ಅವಳು ಅಲ್ಲೇ, ಆ ಕೆಂಪಿನಲ್ಲೇ ಕೂತುಬಿಟ್ಟಳು.

"ಇದಾರೆ ಕಣೇ. ಇದಾರೆ. ಈಗ ತಾನೇ ನೋಡ್ಕೊಂಡು ಬಂದೆ. ಚಹಾ ಬಿಸಿ ಇಲ್ಲ ಅಂತ ನರ್ಸಿನ ಹತ್ರ ಜಗಳ ಆಡ್ತಿದ್ರು. ಸೋಮವಾರ ಮನೆಗೆ ಬರ್ತಾರೆ."

ಕಡ್ಡಿ ಎದೆಯೊಳಗಿನ ಉಸಿರನ್ನೆಲ್ಲ ಬಿಟ್ಟಳು. ಅಷ್ಟೂ ದಿನದ ಉಸಿರು ಅದು.

"ಮತ್ತೆ ಕುರ್ಚಿ ಯಾಕೆ ಕಿತ್ತಿದ್ದು?"

ಅಮ್ಮ ಬಿದ್ದ ಚೀಲವನ್ನು ಪಕ್ಕಕ್ಕೆ ಎಳೆದುಕೊಂಡಳು. "ಮೇಜು ರೆಡಿ ಆದ್ಮೇಲೆ ಹೇಳೋಣ ಅಂತಿದ್ದೆ. ಅವರೂ ಹಾಗೇ ಅಂದ್ರು. ಎಲ್ಲರೂ ಕೂತ್ಕೊಂಡು, ಯಾವಾಗ್ಲಿನ ಹಾಗೆ..."

ಅಮ್ಮನ ಕಣ್ಣು ಹೊಸ ಮೇಜಿನ ಕಡೆ ಹೋಯಿತು.

ಕಡ್ಡಿ ಸುತ್ತ ನೋಡಿದಳು. ಒಂದು ವಾರದಿಂದ ನೋಡುತ್ತಲೇ ಇದ್ದದ್ದನ್ನು ಮತ್ತೆ ನೋಡಿದಳು. ಒಡೆದ ಗೋಡೆ. ಅಗಲವಾದ ದಾರಿ. ಸೊಂಟದ ಮಟ್ಟಕ್ಕೆ ಇಳಿದ ಸ್ವಿಚ್ಚುಗಳು. ಅವು ತನಗಾಗಿ ಎಂದುಕೊಂಡಿದ್ದಳು. ಹೊಸ ಮೇಜು ಹಳೆಯದಕ್ಕಿಂತ ಒಂದು ಹಿಡಿ ಎತ್ತರವಿತ್ತು. ಅದರ ಮೂರು ಬದಿಗೆ ಕಾಲುಗಳ ನಡುವೆ ಅಡ್ಡಪಟ್ಟಿ ಇತ್ತು. ನಾಲ್ಕನೇ ಬದಿಗೆ ಇರಲಿಲ್ಲ. ಅಲ್ಲಿ ಕೆಳಗಿನಿಂದ ಏನೋ ಒಳಗೆ ಬರಬೇಕಿತ್ತು. ಅಲ್ಲಿ ಕೂರುವವರು ತಮ್ಮ ಕುರ್ಚಿಯನ್ನು ತಾವೇ ತರುತ್ತಾರೆ.

"ಚಕ್ರದ ಕುರ್ಚಿನಾ?"

ಅಮ್ಮ ತಲೆಯಾಡಿಸಿದಳು.

"ಎಷ್ಟು ದಿನ?"

"ದಿನ ಅಲ್ಲ ಕಣೇ." ಅಮ್ಮ ಮೂಗು ಒರೆಸಿಕೊಂಡಳು. ಮೂಗೂ ಕೆಂಪಾಯಿತು. "ಬೆನ್ನುಮೂಳೆಗೆ ಏಟು ಬಿದ್ದಿದೆ. ಸೊಂಟದಿಂದ ಕೆಳಗೆ ಏನೂ ಗೊತ್ತಾಗಲ್ಲ ಅವರಿಗೆ. ಎರಡನೇ ಆಪರೇಷನ್ ಆದ್ಮೇಲೆ ಡಾಕ್ಟ್ರು ಹೇಳಿಬಿಟ್ರು. ಇನ್ನು ನಡೆಯೋಕಾಗಲ್ಲ ಅಂತ."

"ಅದಕ್ಕೇ ಫೋನಲ್ಲಿ ಮಾತಾಡ್ಲಿಲ್ವಾ?"

"ನಿನ್ನ ದನಿ ಕೇಳಿದ್ರೆ ತಡೆಯೋಕಾಗಲ್ಲ ಅಂದ್ರು. ನೀನು ಮೊದಲೇ ಹೀಗೆ. ಕೇಳಬಾರದ್ದನ್ನೇ ಮೊದಲು ಕೇಳ್ತೀಯ."

ಕಡ್ಡಿಗೆ ಅಳು ಬರಲಿಲ್ಲ. ಅಪ್ಪಿಕೊಂಡಿದ್ದ ಎರಡೂ ಕಾಲುಗಳನ್ನು ಹೊಸ ಮೇಜಿನ ಮೇಲೆ ಇಟ್ಟಳು.

"ಪೇಂಟ್ ಯಾಕೆ ಖಾಲಿ ಮಾಡಿದ್ದು ಮತ್ತೆ?"

"ಏಳು ವಾರದಿಂದ ಬಿಳಿ ಗೋಡೆ ನೋಡ್ತಿದಾರೆ. ಮನೆಗೆ ಬಂದೂ ಅದನ್ನೇ ನೋಡಬೇಕಾ? ಇಲ್ಲಿ ಕೂತು ಸಣ್ಣ ಬೋರ್ಡ್ ಬರೀಬಹುದು. ಮನೆ ಮುಂದೆ ಹಾಕ್ತಾರಲ್ಲ, ಅಂಥವು. ಕೈ ಚೆನ್ನಾಗಿದೆಯಲ್ಲ."

"ಅದೇ ನಾಲ್ಕನೇ ಪರ್ಪಸ್ಸಾ?"

"ಹೂಂ."

"ಅಪ್ಪ ಏನಂದ್ರು?"

"ಬ್ರಷ್ಷಿನ ಹೆಸರೇ ಎತ್ತಬೇಡ ಅಂದ್ರು," ಎಂದಳು ಅಮ್ಮ.

ಕಡ್ಡಿ ಅಮ್ಮನ ಪಕ್ಕದಲ್ಲಿ ಕೂತಳು. ಕೆಂಪು ಬಣ್ಣ ಅಂಚಿನಿಂದ ಒಣಗುತ್ತಾ ಬಂತು.

ಮಾವ ಹಿಂಜಸ್ ಪೊಟ್ಟಣ ಹಿಡಿದು ಬಂದವನು ದಾರಿಯಲ್ಲೇ ನಿಂತ. ವಾಲಿದ ಶೆಲ್ಫ್ ನೋಡಿದ. ನೆಲ ನೋಡಿದ. ತಂಗಿಯ ಮುಖ ನೋಡಿದ. ಕೊನೆಗೆ ಕಡ್ಡಿಯ ಮುಖ ನೋಡಿ, ಏನು ನಡೆದಿದೆ ಎಂದು ತಿಳಿದುಕೊಂಡ. ಏನು ಹೇಳಬೇಕೆಂದು ತೋಚದಿದ್ದಾಗ ಅವನು ಮಾಡುತ್ತಿದ್ದದ್ದು ಒಂದೇ. ಪೊಟ್ಟಣ ಕೆಳಗಿಟ್ಟು, ಪಂಚಾಯಿತಿಗೆ ಕೂತವನ ಹಾಗೆ ಕೂತುಕೊಂಡ.

"ಸುಳ್ಳು ಹೇಳಿದ್ರೆ ನನ್ನ ನಾಲಿಗೆಗೆ ಮೊಳೆ ಹೊಡೀರಿ," ಎಂದ. "ನಾನೊಂದು ಕುರ್ಚಿ ಮಾಡಿದ್ದೆ. ಅದರಲ್ಲಿ ಕೂರ್ತಿದ್ದ ಯಜಮಾನನ ಮೇಲೆ ಅದಕ್ಕೆ ಎಷ್ಟು ಪ್ರೀತಿ ಅಂದ್ರೆ, ಅವನನ್ನ ಬಿಟ್ಟು ಒಂದು ನಿಮಿಷ ಇರ್ತಿರಲಿಲ್ಲ. ಅವನು ಎಲ್ಲಿಗೆ ಹೋದ್ರೂ ಎತ್ಕೊಂಡೇ ಹೋಗ್ತಿತ್ತು."

"ಅಣ್ಣ, ಈಗ ಬೇಡ," ಎಂದಳು ಅಮ್ಮ.

"ನಿಜ ಕಣಮ್ಮ. ಪೇಟೆಗೆ ಎತ್ಕೊಂಡು ಹೋಯ್ತು. ಸಂತೆಗೆ ಎತ್ಕೊಂಡು ಹೋಯ್ತು. ಒಂದು ಸಲ ಬಸ್ ಹತ್ತಿಬಿಡ್ತು, ಕಂಡಕ್ಟರ್ ಎರಡು ಟಿಕೆಟ್ ಹರಿದ. ಊರೆಲ್ಲ ಸುತ್ತಿ ಸಾಯಂಕಾಲ ಮನೆಗೆ ಬಂತು..."

ಕಡ್ಡಿ ಮಾವನ ಬಾಯನ್ನೇ ನೋಡುತ್ತಿದ್ದಳು. ಮನೆಗೆ ಬಂತು. ಅವಳು ಮನಸ್ಸಿನಲ್ಲೇ ಆ ಕುರ್ಚಿಯ ಹಿಂದೆ ಬೀದಿಯಿಂದ ಬಂದಳು. ಗೇಟು. ಅಂಗಳ. ಒಳಗಿನ ಮೂಲೆಯನ್ನು ಮಾವ ಇಂಚಿಂಚು ಅಳೆದಿದ್ದ. ಗೋಡೆ ಅಳೆದಿದ್ದ, ಬಚ್ಚಲು ಅಳೆದಿದ್ದ, ಮೇಜಿನ ಕೆಳಗೆ ಕೂತು ತನ್ನ ಮಂಡಿಯನ್ನೇ ಅಳೆದುಕೊಂಡಿದ್ದ.

ಅವಳು ಎದ್ದಳು. ಮಾವನ ಬೆಲ್ಟಿನಿಂದ ಟೇಪನ್ನು ಬಿಡಿಸಿಕೊಂಡಳು. ಕೆಂಪು ಹೆಜ್ಜೆ ಇಡುತ್ತಾ ನಡುಮನೆ ದಾಟಿ, ಮುಂಬಾಗಿಲಿಗೆ ಹೋಗಿ ಮಂಡಿಯೂರಿದಳು. ಅಲ್ಲಿ ಹೊಸ್ತಿಲಿತ್ತು. ದಪ್ಪ ಮರದ್ದು. ಹುಟ್ಟಿದಾಗಿನಿಂದ ಅದನ್ನು ದಾಟಿದ್ದಳು, ಒಂದು ಸಲವೂ ನೋಡಿರಲಿಲ್ಲ. ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಳು. ನಾಲ್ಕು ಇಂಚು. ಇದೊಂದನ್ನು ಮಾವ ಅಳೆದಿರಲಿಲ್ಲ.

"ಏ ಕಡ್ಡಿ, ಎಲ್ಲಿಗೆ ಹೋದೆ? ಕತೆ ಇನ್ನೂ ಮುಗಿದಿಲ್ಲ ಕಣೇ," ಒಳಗಿನಿಂದ ಮಾವನ ದನಿ ಕೇಳುತ್ತಿತ್ತು. "ಸಾಯಂಕಾಲ ಮನೆಗೆ ಬಂತಾ, ಯಜಮಾನ ಅದರ ಮೇಲೇ ಕೂತಿದಾನೆ, ಒಳಗೆ ಹೆಂಡ್ತಿ ಮಕ್ಕಳು ಕಾಯ್ತಿದಾರೆ, ಊಟದ ಹೊತ್ತು ಬೇರೆ. ಕುರ್ಚಿ ಬಾಗಿಲ ಹತ್ರ ಬಂದು, ಇನ್ನೇನು ಒಳಗೆ ಹೋಗಬೇಕು ಅನ್ನೋವಾಗ..."